ರಜೆಯಿಲ್ಲದ ಪಾಡ್ಯದ ದೋಸೆ

ಒಣಶುಂಠಿ ಕುಟ್ಟುವಾಗ ಮುಖವನ್ನು ಆಚೆ ತಿರುಗಿಸಿಕೊಳ್ಳಬೇಕು. ಇದು ನನಗೆ ಚೆನ್ನಾಗಿ ಗೊತ್ತು, ಆದರೂ ಪ್ರತಿ ವರ್ಷ ಮರೆಯುತ್ತೇನೆ. ಈ ದೀಪಾವಳಿಯ ಬೆಳಗ್ಗೆಯೂ ಹಾಗೇ ಆಯಿತು. ಎರ್ನಾಕುಲಂನ ಎಡಪ್ಪಳ್ಳಿಯ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ಶುಂಠಿ, ಕಾಳುಮೆಣಸು, ಜೀರಿಗೆ, ಏಲಕ್ಕಿ ಕುಟ್ಟಿ, ಸಾಕಷ್ಟು ಸೀನಿ, ಕಣ್ಣು ಮೂಗು ಒರೆಸಿಕೊಂಡು, ಬೆಲ್ಲ ಹಾಕಿ ರುಬ್ಬಿದ ಅಕ್ಕಿಹಿಟ್ಟಿಗೆ ಆ ಪುಡಿಯನ್ನು ಕಲಸಿದೆ. ಕಾವಲಿಗೆ ತುಪ್ಪ ಸವರಿ ಮೊದಲ ದೋಸೆ ಎರೆದೆ. ಘಮ ಪಕ್ಕದ ಫ್ಲಾಟಿಗೂ ಹೋಗಿರಬೇಕು, ಯಾರೋ ಕಿಟಕಿ ತೆಗೆದ ಸದ್ದಾಯಿತು. ನನಗೆ ಒಳಗೊಳಗೇ ಹೆಮ್ಮೆ.

ನಮ್ಮ ಸೊಸೆ ನೀತು ಇಲ್ಲಿಯವಳೇ, ತೃಶ್ಶೂರಿನ ಹುಡುಗಿ. ಮದುವೆಯಾಗಿ ಬಂದ ಮೇಲೆ ಇದು ಅವಳ ಮೊದಲ ದೀಪಾವಳಿ. ತಟ್ಟೆಗೆ ಹಾಕಿಕೊಟ್ಟ ದೋಸೆಯನ್ನು ಒಂದು ತುಂಡು ಮುರಿದು ಬಾಯಿಗಿಟ್ಟು, ಸ್ವಲ್ಪ ಹೊತ್ತು ಅಗಿದು, ಹೇಳಿದಳು:

"ಅಮ್ಮೇ, ಇದಿನ್ ಚುಕ್ಕುಕಾಪ್ಪಿಯುಡೆ ಟೇಸ್ಟಾಣಲ್ಲೋ."

ಚುಕ್ಕುಕಾಪ್ಪಿ ಎಂದರೆ ಒಣಶುಂಠಿ, ಮೆಣಸು, ಬೆಲ್ಲ ಹಾಕಿ ಕುದಿಸಿದ ಕಾಫಿ. ಕೇರಳದಲ್ಲಿ ನೆಗಡಿಯೋ ಜ್ವರವೋ ಬಂದವರಿಗೆ ಕುಡಿಸುತ್ತಾರೆ. ಹಬ್ಬದ ದಿನ ಬೆಳಗ್ಗೆ ಎದ್ದು ಸೀನುತ್ತಾ ಮಾಡಿದ ನನ್ನ ದೋಸೆಗೆ ಅದರ ರುಚಿ ಇದೆಯಂತೆ. ಮಗ ಕಿಸಕ್ಕನೆ ನಕ್ಕ. ನಮ್ಮ ಯಜಮಾನರು ಪತ್ರಿಕೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದರು. ನಾನು ಗ್ಯಾಸ್ ಆರಿಸಿದೆ.

ಗ್ಯಾಸ್ ಆರಿಸಿದ ಮೇಲೆ ನನಗೇ ಗಾಬರಿಯಾಯಿತು. ಯಾಕೆ ಗಾಬರಿ ಎಂದು ನಿಮಗೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ದೋಸೆ ಕಾಯುತ್ತದೆ, ಬನ್ನಿ.

ನಾನು ಮೈಸೂರಿನವಳು. ಬ್ಯಾಂಕಿನ ಕೆಲಸ ಸಿಕ್ಕಿದ್ದು ತಿರುವನಂತಪುರದಲ್ಲಿ. ಅಲ್ಲಿನ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದ ಕಾಸರಗೋಡಿನ ಕನ್ನಡಿಗರೊಬ್ಬರ ಜೊತೆ ಮದುವೆಯಾಯಿತು. ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿ, ಹುಡುಗ ಕನ್ನಡದವನೇ ಎಂದು. ಆದರೆ ಕನ್ನಡ ಒಂದೇ ಆದರೆ ಅಡುಗೆ ಒಂದೇ ಆಗುತ್ತದೆಯೇ? ನನ್ನ ಸಾರು ಅವರಿಗೆ ಖಾರ, ಅವರ ಸಾಂಬಾರು ನನಗೆ ಸಿಹಿ. ಇವರು ಬೆಳಗ್ಗೆ ಗಂಜಿ ಉಣ್ಣುತ್ತಾರೆ ಎಂದು ತಿಳಿದ ದಿನ ನಾನು ಅಮ್ಮನಿಗೆ ಎರಡು ಪುಟದ ಕಾಗದ ಬರೆದಿದ್ದೆ. ಆಗಿನ ನನ್ನ ಬಾಯಿಯ ಬಗ್ಗೆ ಏನು ಹೇಳಲಿ? ಬ್ಯಾಂಕಿನಲ್ಲಿ ನನ್ನ ಮಾತಿಗೆ ನಗುವವರು ಬಹಳ ಜನರಿದ್ದರು. ಅದೇ ನನ್ನನ್ನು ಕೆಡಿಸಿದ್ದು.

ಅತ್ತೆ ನಮ್ಮ ಜೊತೆ ಇರಲೆಂದು ಬಂದಾಗ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಕಬ್ಬಿಣದ ಕಾವಲಿ ತಂದಿದ್ದರು. ಕಾವಲಿಯನ್ನು ರೈಲಿನಲ್ಲಿ ಕೆಳಗಿಡದೆ ತೊಡೆಯ ಮೇಲೆ ಇಟ್ಟುಕೊಂಡು ಬಂದರಂತೆ. ಕಡಿಮೆ ಮಾತಿನ ಹೆಂಗಸು. ಸಿಟ್ಟು ಬಂದರೂ ಅವರ ಮುಖದಲ್ಲಿ ಗೊತ್ತಾಗುತ್ತಿರಲಿಲ್ಲ. ಸಂತೋಷವಾದರೆ ಮಾತ್ರ ಹಾಲಿಗೆ ಇನ್ನೊಂದು ಚಮಚ ಸಕ್ಕರೆ ಬೀಳುತ್ತಿತ್ತು.

ಅವರ ತವರಿನಲ್ಲಿ ಬಲಿಪಾಡ್ಯದ ಬೆಳಗ್ಗೆ ಈ ಶುಂಠಿ ಮೆಣಸಿನ ಸಾಂಬಾರ ಹಾಕಿದ ಬೆಲ್ಲದ ದೋಸೆ ಆಗಲೇಬೇಕು. ಮೊದಲ ದೋಸೆ ಬಲೀಂದ್ರನಿಗೆ, ಆಮೇಲೆ ಮನೆಯವರಿಗೆ. ಕೇರಳದಲ್ಲಿ ದೀಪಾವಳಿಗೆ ಒಂದೇ ದಿನ ರಜೆ, ಅದು ನರಕ ಚತುರ್ದಶಿಗೆ ಮುಗಿಯುತ್ತದೆ. ಪಾಡ್ಯದ ದಿನ ಎಲ್ಲರೂ ಟಿಫಿನ್ ಡಬ್ಬಿ ಹಿಡಿದು ಬಸ್ಸಿಗೆ ಓಡುವವರೇ. ಇಲ್ಲಿಯವರು ಮಾವೇಲಿ ಎನ್ನುವ ಮಹಾಬಲಿ ಓಣಂ ಹಬ್ಬಕ್ಕೇ ಬಂದು ಹೋಗಿರುತ್ತಾನಲ್ಲ. ಮುಂದೆ ನಮ್ಮ ಮಗ ಆರು ವರ್ಷದವನಿದ್ದಾಗ, ಮಾವೇಲಿ ಒಂದೇ ವರ್ಷಕ್ಕೆ ಎರಡು ಸಲ ಯಾಕೆ ಬರುತ್ತಾನೆ ಎಂದು ಮಲಯಾಳದಲ್ಲಿ ಕೇಳಿದ್ದ. ಓಣಕ್ಕೆ ಬರುವುದು ಊರಿನವರ ಮನೆಗೆ, ದೀಪಾವಳಿಗೆ ಬರುವುದು ನಮ್ಮ ಮನೆಗೆ ಎಂದು ಅತ್ತೆ ಕನ್ನಡದಲ್ಲಿ ಉತ್ತರ ಕೊಟ್ಟಿದ್ದರು. ಅಜ್ಜಿ ಮೊಮ್ಮಗ ಹಾಗೆ ಎರಡು ಭಾಷೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು, ಇಬ್ಬರಿಗೂ ಏನೂ ತೊಂದರೆ ಇರಲಿಲ್ಲ.

ಆ ಮೊದಲ ವರ್ಷ ಅತ್ತೆ ರಜೆ ಇದೆಯೋ ಇಲ್ಲವೋ ಎಂದು ನೋಡಲಿಲ್ಲ. ಪಾಡ್ಯದ ದಿನ ಐದು ಗಂಟೆಗೇ ಎದ್ದು, ನೆನೆದ ಅಕ್ಕಿಯನ್ನು ಕಲ್ಲಿನಲ್ಲಿ ರುಬ್ಬಿ, ಸ್ನಾನ ಮಾಡಿ ಒಲೆಯ ಮುಂದೆ ನಿಂತರು. ನಾನು ಬ್ಯಾಂಕಿನಲ್ಲಿದ್ದ ಇಬ್ಬರು ಕರ್ನಾಟಕದ ಗೆಳತಿಯರನ್ನು ಕೆಲಸಕ್ಕೆ ಹೋಗುವ ದಾರಿಯಲ್ಲಿ ತಿಂಡಿಗೆ ಬನ್ನಿ ಎಂದು ಕರೆದಿದ್ದೆ. ಲಾಡ್ಜಿನ ಊಟ ಮಾಡಿ ಬೇಸತ್ತ ಹುಡುಗಿಯರು. ಮೂವರೂ ಕೂತೆವು. ದಪ್ಪಗೆ, ಕಂದು ಬಣ್ಣದ, ಅಂಚಿನಲ್ಲಿ ತುಪ್ಪ ಗುಳುಗುಳು ಎನ್ನುವ ದೋಸೆ ಬಂತು. ದೋಸೆ ಎಂದರೆ ತೆಳ್ಳಗೆ, ಗರಿಗರಿಯಾಗಿ, ಒಳಗೆ ಪಲ್ಯ ಇರಬೇಕು ಎಂದು ನಂಬಿದವಳು ನಾನು. ಒಂದು ತುತ್ತು ತಿಂದೆ. ಗಂಟಲಲ್ಲಿ ಮೆಣಸು ಚುರ್ ಎಂದಿತು. ಗೆಳತಿಯರು ನನ್ನ ಮುಖವನ್ನೇ ನೋಡುತ್ತಿದ್ದರು, ನನಗೆ ಅಷ್ಟು ಸಾಕಾಯಿತು.

"ಇದು ದೋಸೆ ಅಲ್ಲ ಬಿಡಿ ಅತ್ತೆ, ಕಷಾಯ. ಜ್ವರ ಬಂದೋರಿಗೆ ಮಡಚಿ ಕೊಡ್ಬಹುದು," ಎಂದೆ.

ಗೆಳತಿಯರು ಬಿದ್ದು ಬಿದ್ದು ನಕ್ಕರು. ಅತ್ತೆಯೂ ನಕ್ಕರು. ಅವರು ನಕ್ಕರಲ್ಲ ಎಂದು ನಾನು ಆ ವಿಷಯವನ್ನು ಅಲ್ಲಿಗೇ ಬಿಟ್ಟೆ. ಉಳಿದ ಹಿಟ್ಟಿನಲ್ಲಿ ಅವರು ಮತ್ತೆ ದೋಸೆ ಎರೆಯಲಿಲ್ಲ, ಒಲೆ ಆರಿಸಿದರು ಎಂಬುದನ್ನು ನೋಡಿದೆ, ಆದರೆ ಬಸ್ಸಿಗೆ ಹೊತ್ತಾಗಿತ್ತು.

ಮರುವರ್ಷ ಪಾಡ್ಯಕ್ಕೆ ಇಡ್ಲಿ ಆಯಿತು. ಇವರು ದೋಸೆ ಇಲ್ಲವಾ ಅಮ್ಮ ಎಂದು ಕೇಳಿದರು. ಇಲ್ಲಿ ಪಾಡ್ಯಕ್ಕೆ ರಜೆ ಇಲ್ಲವಲ್ಲ, ಆಫೀಸಿಗೆ ಹೋಗುವ ಗಡಿಬಿಡಿಯಲ್ಲಿ ಯಾರಿಗೆ ಪುರುಸೊತ್ತು ಎಂದರು ಅತ್ತೆ. ಅದರ ಮರುವರ್ಷವೂ ಅದೇ ಮಾತು. ಮೊದಲ ವರ್ಷವೂ ರಜೆ ಇರಲಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಅಥವಾ ಹೊಳೆಯದ ಹಾಗೆ ನೋಡಿಕೊಂಡೆ. ಕೇರಳ ಸರ್ಕಾರದ ಮೇಲೆ ತಪ್ಪು ಹೊರಿಸಿ ಆರಾಮವಾಗಿದ್ದೆ. ಇಬ್ಬರಿಗೂ ಎರ್ನಾಕುಲಂಗೆ ವರ್ಗವಾಯಿತು, ಕಾವಲಿಯೂ ನಮ್ಮ ಜೊತೆ ಬಂತು, ಬಾಡಿಗೆ ಮನೆಯ ಅಟ್ಟ ಸೇರಿತು.

ಹತ್ತನೆಯ ವರ್ಷ ಪಾಡ್ಯ ಭಾನುವಾರ ಬಂತು.

ಕ್ಯಾಲೆಂಡರಿನಲ್ಲಿ ಅದನ್ನು ಮೊದಲು ನೋಡಿದವಳು ನಾನೇ. ಸಡಗರದಿಂದ ಹಿಂದಿನ ದಿನ ಪೇಟೆಗೆ ಹೋಗಿ ಕಪ್ಪು ಬೆಲ್ಲ, ಒಣಶುಂಠಿ, ಒಳ್ಳೆಯ ಮೆಣಸು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಅತ್ತೆಗೆ ಕಾಣುವ ಹಾಗೆ ಇಟ್ಟೆ. ಅಟ್ಟ ಹತ್ತಿ ಕಾವಲಿ ಇಳಿಸಿ ತೊಳೆದೆ. ನಾಳೆ ಯಾರಿಗೂ ಆಫೀಸಿಲ್ಲ ಅತ್ತೆ ಎಂದು ಎರಡು ಸಲ ಹೇಳಿದೆ. ಅವರು ಹೌದು ಎಂದರು.

ಬೆಳಗ್ಗೆ ಎದ್ದು ಬಂದರೆ ಉಪ್ಪಿಟ್ಟು. ಅದೂ ಹೇಗೆ? ನನ್ನ ತವರಿನ ಕ್ರಮದಲ್ಲಿ, ನಿಂಬೆಹುಳಿ ಹಿಂಡಿ, ಕಡಲೆಬೇಳೆ ಒಗ್ಗರಣೆ ಹಾಕಿ, ನಾನು ಮಾಡುವುದಕ್ಕಿಂತ ಚೆನ್ನಾಗಿ. ನಾನು ತಂದ ಶುಂಠಿ ಮೆಣಸು ಡಬ್ಬಿಗಳಲ್ಲಿ ಸೇರಿದ್ದವು. ಕಾವಲಿ ಒರೆಸಿ ಗೋಡೆಗೆ ಒರಗಿಸಿತ್ತು. ಆವತ್ತು ಹೇಳಲಿಕ್ಕೆ ಅತ್ತೆಯ ಹತ್ತಿರ ಕಾರಣ ಇರಲಿಲ್ಲ, ಅವರು ಹೇಳಲೂ ಇಲ್ಲ. ಇವರು ಕೇಳಲಿಲ್ಲ. ಒಂಬತ್ತು ವರ್ಷದಿಂದ ಈ ಮನೆಯಲ್ಲಿ ಒಂದು ಹಬ್ಬ ನಿಂತುಹೋಗಿದೆ, ನಿಲ್ಲಿಸಿದ್ದು ನನ್ನ ನಾಲಗೆ ಎಂದು ಆಗ ಅರ್ಥವಾಯಿತು. ನಾಚಿಕೆಯಾಯಿತು. ಆದರೆ ಬ್ಯಾಂಕಿನಲ್ಲಿ ಅಷ್ಟು ಮಾತಾಡುತ್ತಿದ್ದ ನನಗೆ, ಆ ಒಂದು ಮಾತನ್ನು ಹೇಗೆ ಶುರು ಮಾಡಬೇಕೆಂದು ಮಾತ್ರ ಗೊತ್ತಾಗಲಿಲ್ಲ.

ಮಾತಿನಲ್ಲಿ ಆಗದ್ದನ್ನು ಕೈಯಲ್ಲಿ ಮಾಡೋಣ ಎಂದು ಮರುವರ್ಷ ಹೊರಟೆ. ದೀಪಾವಳಿಯ ರಜೆಯ ದಿನವೇ ಅತ್ತೆ ಏಳುವ ಮೊದಲು ದೋಸೆ ಮಾಡಿ ಅವರ ಮುಂದೆ ಇಡಬೇಕು. ನಾನು ಮೈಸೂರಿನವಳು ಎಂದೆನಲ್ಲ, ದೋಸೆ ಎಂದ ತಕ್ಷಣ ನನ್ನ ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತು. ಹಿಂದಿನ ದಿನ ಸಂಜೆಯೇ ಅಕ್ಕಿಗೆ ಎರಡು ಹಿಡಿ ಉದ್ದು, ಒಂದು ಚಮಚ ಮೆಂತ್ಯ ಹಾಕಿ ರುಬ್ಬಿ, ಮುಚ್ಚಿ, ಹುದುಗಲು ಬಿಟ್ಟೆ. ಆ ದೋಸೆಗೆ ಉದ್ದು ಬೀಳುವುದಿಲ್ಲ, ಹಿಟ್ಟನ್ನು ಬೆಳಗ್ಗೆ ರುಬ್ಬಿದ ಕೂಡಲೇ ಎರೆಯಬೇಕು, ಹುಳಿ ಬರಲೇಬಾರದು ಎಂದು ನನಗೆ ಯಾರು ಹೇಳಬೇಕಿತ್ತು? ಹೇಳಬೇಕಾದವರ ಬಾಯಿ ಮುಚ್ಚಿಸಿದವಳು ನಾನೇ. ಎರ್ನಾಕುಲಂ ಸೆಖೆಗೆ ಹಿಟ್ಟು ಉಕ್ಕಿ ಮುಚ್ಚಳವನ್ನು ಪಕ್ಕಕ್ಕೆ ತಳ್ಳಿತ್ತು. ಅದಕ್ಕೆ ಬೆಲ್ಲ, ಸಾಂಬಾರ ಕಲಸಿದೆ. ಎರೆದ ದೋಸೆ ಕಾವಲಿಗೆ ಕಚ್ಚಿಕೊಂಡಿತು. ಎಬ್ಬಿಸಿದರೆ ಒಂದು ಬದಿ ಕರಿ, ಇನ್ನೊಂದು ಬದಿ ಹಸಿ. ಹುಳಿ, ಸಿಹಿ, ಖಾರ ಮೂರೂ ಜಗಳ ಆಡುತ್ತಿದ್ದವು.

ಅತ್ತೆ ಸ್ನಾನ ಮುಗಿಸಿ ಬಂದವರು ಬಾಗಿಲಲ್ಲಿ ನಿಂತು ಕಾವಲಿ ನೋಡಿದರು, ಪಾತ್ರೆ ನೋಡಿದರು, ನನ್ನ ಮುಖ ನೋಡಿದರು. ಮಣೆ ಎಳೆದು ಕೂತರು. ನಾನು ಇದ್ದುದರಲ್ಲಿ ಸರಿಯಾಗಿದ್ದ ಒಂದು ತುಂಡನ್ನು ಹಾಕಿಕೊಟ್ಟೆ. ಪೂರ್ತಿ ತಿಂದರು. ನೀರು ಕುಡಿದರು.

"ಇದಕ್ಕಿಂತ ಕಷಾಯ ಒಳ್ಳೆದಿತ್ತು," ಎಂದರು.

ನನಗೆ ಅಳು ಬಂದುಬಿಟ್ಟಿತು. ಸೌಟು ಹಿಡಿದುಕೊಂಡೇ, ಆವತ್ತು ಅಂದಿದ್ದು ತಪ್ಪಾಯ್ತು ಅತ್ತೆ ಎಂದೆ. ಅವರು ಸಮಾಧಾನ ಮಾಡಲಿಲ್ಲ. ಪರವಾಗಿಲ್ಲ ಎನ್ನಲೂ ಇಲ್ಲ. ತಟ್ಟೆಯನ್ನೇ ನೋಡುತ್ತಾ ಹೇಳಿದರು:

"ತಪ್ಪೇ. ನನಗೆ ತುಂಬ ಬೇಜಾರಾಗಿತ್ತು. ಆದರೆ ನಿನ್ನದು ಒಂದೇ ದಿನದ್ದು ಮಾರಾಯ್ತಿ. ಹತ್ತು ವರ್ಷ ಬಾಯಿ ಮುಚ್ಚಿ ಕೂತದ್ದು ನಾನು. ಆವತ್ತೇ ನಿನಗೆ ಎರಡು ಬೈದಿದ್ದರೆ ಮರುವರ್ಷ ದೋಸೆ ಎರೆಯುತ್ತಿದ್ದೆ. ನನ್ನ ಮಗನಿಗೂ ಸಿಕ್ಕುತ್ತಿತ್ತು, ನಿನ್ನ ಮಾಣಿಗೂ ಸಿಕ್ಕುತ್ತಿತ್ತು."

ಆಮೇಲೆ ಎದ್ದು, ಆ ಹಿಟ್ಟನ್ನು ಚೆಲ್ಲು, ಸಂಜೆ ಬೆಳ್ತಿಗೆ ಎಂಬ ಬಿಳಿ ಅಕ್ಕಿ ಮಾತ್ರ ನೆನೆಹಾಕು, ಈ ವರ್ಷ ಅಮಾವಾಸ್ಯೆಯೂ ಇವತ್ತೇ, ನಾಳೆ ಪಾಡ್ಯ ಎಂದರು. ನಾಳೆ ಆಫೀಸು ಎಂದು ನನ್ನ ಬಾಯಿಗೆ ಬಂದದ್ದು ಹೇಗೋ ಅಲ್ಲೇ ನಿಂತಿತು. ಮರುದಿನ ಐದೂವರೆಗೆ ನಾನು ರುಬ್ಬಿದೆ, ಅವರು ಎರೆದರು. ಮಗ ಸಮವಸ್ತ್ರ ಹಾಕಿಕೊಂಡೇ ನಾಲ್ಕು ತಿಂದ. ಇವರು ತಿಂದು, ಡಬ್ಬಿಗೆ ಎರಡು ಹಾಕಿಸಿಕೊಂಡು, ಬಸ್ಸು ತಪ್ಪಿಸಿಕೊಂಡರು. ನನ್ನ ಲೋಟದ ಹಾಲು ಆವತ್ತು ಕುಡಿಯಲಾಗದಷ್ಟು ಸಿಹಿಯಾಗಿತ್ತು.

ಅತ್ತೆ ಇದ್ದಷ್ಟು ವರ್ಷ ಪಾಡ್ಯದ ದಿನವೇ, ರಜೆ ಇಲ್ಲದಿದ್ದರೂ ದೋಸೆ ಆಯಿತು. ಅವರು ಹೋದ ಮೇಲೆ ನಾನು ಸೋಮಾರಿಯಾಗಿ ರಜೆಯ ದಿನಕ್ಕೆ ಬದಲಾಯಿಸಿದೆ. ಬಲೀಂದ್ರ ಒಂದೆರಡು ದಿನ ಮೊದಲೇ ಬಂದರೆ ಅವನಿಗೇನೂ ನಷ್ಟವಿಲ್ಲ ಎಂದುಕೊಂಡೆ. ಅವರ ಕೈಯ ರುಚಿ ನನಗೆ ಬಂದಿದೆ ಎಂದು ಇವರು ಹೇಳುತ್ತಾರೆ. ಬಂದಿಲ್ಲ, ನನಗೆ ಗೊತ್ತು. ಆದರೂ ಕೇಳಲು ಹಿತವಾಗಿರುತ್ತದೆ.

ಈಗ ಹೇಳಿ, ಸೊಸೆಯ ಒಂದು ಮಾತಿಗೆ ಗ್ಯಾಸ್ ಆರಿಸಿದ ನನಗೆ ಗಾಬರಿಯಾಗದೆ ಇರುತ್ತದೆಯೇ? ನಾನು ನಕ್ಕು ಸುಮ್ಮನಾಗಬಹುದಿತ್ತು. ಮುಂದಿನ ವರ್ಷ ಮಂಡಿನೋವು ಎನ್ನಬಹುದಿತ್ತು, ಈ ವಯಸ್ಸಿನಲ್ಲಿ ಕಾರಣಗಳಿಗೆ ಬರವಿಲ್ಲ. ನೀತು ಒಳ್ಳೆಯ ಹುಡುಗಿ, ಒತ್ತಾಯ ಮಾಡುತ್ತಿರಲಿಲ್ಲ. ಹತ್ತು ವರ್ಷ ಸಲೀಸಾಗಿ ಕಳೆದುಹೋಗುತ್ತಿತ್ತು. ಆದರೆ ಈಗ ನನ್ನ ಹತ್ತಿರ ಹಾಗೆ ಕಳೆಯಲು ಎಷ್ಟು ಹತ್ತು ವರ್ಷಗಳಿವೆ?

ಊಟದ ಮೇಜಿನ ಹತ್ತಿರ ಹೋಗಿ ನಿಂತೆ. ಪರೀಕ್ಷೆಗೆ ಹೋದವಳ ಹಾಗೆ. ಅವಳಿಗೆ ಅರ್ಥವಾಗಲಿ ಎಂದು ನಿಧಾನವಾಗಿ ಕನ್ನಡದಲ್ಲೇ ಹೇಳಿದೆ:

"ನೀತು, ನೀನು ಹಾಗಂದದ್ದು ನಂಗೆ ಬೇಜಾರಾಯ್ತು. ಹಬ್ಬದ ದಿನ ಮಾಡಿದ್ದನ್ನ ಔಷಧಿ ಅಂದ್ರೆ ಯಾರಿಗಾದ್ರೂ ಬೇಜಾರಾಗತ್ತೆ."

ಇವರ ಪತ್ರಿಕೆ ಕೆಳಗಿಳಿಯಿತು. ನೀತುವಿನ ಮುಖ ಕೆಂಪಾಯಿತು. ಅವಳು ಕ್ಷಮಿಸಿ ಎಂದಳು, ಆಮೇಲೆ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದಳು. ಅವಳಿಗೆ ಬರುವ ಅಷ್ಟಿಷ್ಟು ಕನ್ನಡವನ್ನೂ ಮಲಯಾಳವನ್ನೂ ಬೆರೆಸಿ ಹೇಳಿದಳು:

"ಪಕ್ಷೇ ಅಮ್ಮೇ, ಕುರುಮುಳಗ್ ತುಂಬಾ ಜಾಸ್ತಿ ಇದೆ. ನೀವೇ ತಿಂದು ನೋಡಿ."

ತಿಂದು ನೋಡಿದೆ. ಗಂಟಲು ಉರಿದು ಒಂದು ಲೋಟ ನೀರು ಕುಡಿದೆ. ಮೆಣಸು ನಿಜವಾಗಿಯೂ ಜಾಸ್ತಿಯಾಗಿತ್ತು. ಸೀನುವ ಭರದಲ್ಲಿ ಎಷ್ಟು ಹಾಕಿದೆನೋ ಏನೋ. ಆದರೆ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಇದು ಇರಬೇಕಾದ್ದೇ ಹೀಗೆ ಎಂದೆ. ಹಾಗಾದರೆ ನೀವು ನೀರು ಯಾಕೆ ಕುಡಿದಿರಿ ಎಂದಳು ಅವಳು. ಅವಳು ಮಲಯಾಳದಲ್ಲಿ, ನಾನು ಕನ್ನಡದಲ್ಲಿ, ಐದು ನಿಮಿಷ ಮೆಣಸಿನ ಬಗ್ಗೆ ಚೆನ್ನಾಗಿಯೇ ವಾದ ಮಾಡಿದೆವು. ಕೊನೆಗೆ ಅವಳು ಎದ್ದು ಅಡುಗೆಮನೆಗೆ ಹೋದಳು. ಕಾಯಿ ತುರಿದು ರುಬ್ಬಿ ಹಿಟ್ಟಿಗೆ ಸೇರಿಸಿದರೆ ಖಾರ ಇಳಿಯುತ್ತದೆ ಎಂದು ಅಲ್ಲಿಂದಲೇ ಕೂಗಿ ಹೇಳಿದಳು. ಹಾಗೆಲ್ಲ ಸೇರಿಸುವ ಕ್ರಮ ನಮ್ಮಲ್ಲಿ ಇಲ್ಲ ಎನ್ನುತ್ತಾ ನಾನು ಹಿಂದೆಯೇ ಹೋಗಿ, ಅವಳಿಗೆ ಕಾಯಿ ಒಡೆದುಕೊಟ್ಟು, ಗ್ಯಾಸ್ ಹಚ್ಚಿದೆ.