ಮಗ್ಗದ ಸದ್ದಲ್ಲಿ ಆಡಿದ ಮಾತು

ಮಗ್ಗದ ಶೆಡ್ಡಿನಲ್ಲಿ ಗಂಟಲು ಹರಿದುಕೊಂಡರೂ ಏನೂ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿಯವರು ದನಿ ಬಿಟ್ಟು ಬರೀ ತುಟಿಯಾಡಿಸಿ ಮಾತಾಡುತ್ತಿದ್ದರು. ಅವಳೂ ಅವಳ ಗಂಡನೂ ಎದುರುಬದುರು ಮಗ್ಗದಲ್ಲಿ ದುಡಿದವರು. ಜಗಳ, ಸರಸ ಎಲ್ಲ ಅಲ್ಲೇ, ತುಟಿಯಲ್ಲೇ.

"ನೂಲು ಹರಿದಿದೆ ನೋಡೇ. ನನ್ನ ಮುಖ ಮನೇಲಿ ನೋಡುವಿಯಂತೆ," ಅಂತ ಅವನು ಅಂದರೆ ಸಾಲಿಡೀ ನಗುತ್ತಿತ್ತು. ತುಟಿ ಓದೋದು ಎಲ್ಲರಿಗೂ ಬರುತ್ತಿತ್ತಲ್ಲ. ಮೂಗಿನ ತುಂಬ ಹತ್ತಿ ಧೂಳು, ಮೈತುಂಬ ಬೆವರು. ಆದರೂ ಬೆಳಗಾದರೆ ಕಾಲು ತಾನಾಗಿಯೇ ಅಲ್ಲಿಗೆ ಎಳೆಯುತ್ತಿತ್ತು.

ಗಂಡ ತೀರಿಹೋದ. ಮಗಳು ಅವಳನ್ನು ಶೆಡ್ಡು ಬಿಡಿಸಿ ಮಾತ್ರೆ ಪ್ಯಾಕ್ ಮಾಡುವ ಕಂಪನಿಗೆ ಸೇರಿಸಿದಳು. ತಣ್ಣನೆ ಕೋಣೆ, ಕೂರಲು ಕುರ್ಚಿ, ಸಂಬಳವೂ ಜಾಸ್ತಿ. ಮಾತಾಡುವಂತಿಲ್ಲ. ಎಲ್ಲರ ಬಾಯಿಗೂ ಮಾಸ್ಕು. ಪಕ್ಕದಲ್ಲಿ ಕೂತವಳಿಗೆ ಹಲ್ಲಿದೆಯೋ ಇಲ್ಲವೋ ಅವಳಿಗೆ ಗೊತ್ತಿಲ್ಲ.

ಮಾಸ್ಕಿನ ಒಳಗೆ ಅವಳ ತುಟಿ ಮಾತ್ರ ಸುಮ್ಮನಿರಲಿಲ್ಲ. "ಇಲ್ಲಿ ಚಳಿ ಕಣ್ರೀ," ಅನ್ನುತ್ತಿದ್ದಳು. ಯಾರಿಗೂ ಕಾಣುತ್ತಿರಲಿಲ್ಲ.

ಒಂದು ದಿನ ಸೂಪರ್‌ವೈಸರ್ ಹುಡುಗಿ ಬಂದು ಕೇಳಿದಳು, "ಅಮ್ಮಾ, ಇಲ್ಲಿ ಕೆಲಸ ಹಿಡಿಸ್ತಾ?"

ಅವಳು ಇದ್ದದ್ದನ್ನೆಲ್ಲ ಹೇಳಿದಳು. ಶೆಡ್ಡಿನ ರೂಢಿಯಲ್ಲಿ, ದನಿಯಿಲ್ಲದೆ. ಹುಡುಗಿ ಕಾದಳು. ಮತ್ತೆ ಕೇಳಿದಳು.

"ಕಿವಿ ಮಂದವಾ ಅಮ್ಮಾ?"

ಆಗ ಅವಳಿಗೆ ಗೊತ್ತಾಯಿತು. "ಎಲ್ಲ ಚೆನ್ನಾಗಿದೆ," ಅಂದಳು, ಗಟ್ಟಿಯಾಗಿ. ಹುಡುಗಿ ಖುಷಿಯಾಗಿ ಮುಂದೆ ಹೋದಳು.

ಮನೆಗೆ ಬಂದವಳೇ ಮಗಳಿಗೆ ಹೇಳಿದಳು, "ನಾನು ಶೆಡ್ಡಿಗೇ ಹೋಗ್ತೀನಿ."

"ಕೂತು ಮಾಡೋ ಕೆಲಸ ಬಿಟ್ಟು ನಿಂತು ಸಾಯ್ತೀಯಾ? ಬುದ್ಧಿ ಎಲ್ಲಿಟ್ಟೆ?" ಮಗಳ ದನಿ ಇಳಿಯಿತು. "ಅಲ್ಲೇನಮ್ಮ ಅಪ್ಪ ಇದ್ದಾರಾ?"

"ಇಲ್ಲ. ಅವರಿಲ್ಲ ಅನ್ನೋದು ಅಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿ ಅವರು ಇದ್ದರು ಅಂತಾನೇ ಯಾರಿಗೂ ಗೊತ್ತಿಲ್ಲ."

ಬೆಳಿಗ್ಗೆ ಮಗಳೇ ಬುತ್ತಿ ಕಟ್ಟಿಕೊಟ್ಟಳು.

ಶೆಡ್ಡಿನಲ್ಲಿ ಅವಳ ಮಗ್ಗಕ್ಕೆ ಬೇರೆಯವಳು ಬಂದಿದ್ದಳು. ಖಾಲಿ ಇದ್ದದ್ದು ಗಂಡನದು. ಮೇಸ್ತ್ರಿ ಅದನ್ನು ತೋರಿಸಲು ಹಿಂದೆಮುಂದೆ ನೋಡಿದ. ಅವಳೇ ಹೋಗಿ ನಿಂತಳು. ಅಲ್ಲಿಂದ ತನ್ನ ಹಳೆಯ ಜಾಗ ಪೂರ್ತಿ ಕಾಣುತ್ತಿತ್ತು, ಕಿಟಕಿಯ ಬಿಸಿಲು ಸಮೇತ. ಇಷ್ಟು ವರ್ಷ ಅವನು ನೋಡಿದ್ದು ಇದನ್ನೇ ಅಂತ ಅವಳಿಗೆ ಈಗಲೇ ತಿಳಿದದ್ದು.

ಪಕ್ಕದ ಮಗ್ಗದ ದಪ್ಪಕ್ಕ ತುಟಿಯಾಡಿಸಿದಳು. "ಸೊರಗಿದೀಯಲ್ಲೇ."

"ಮಾತಿರಲಿಲ್ಲ ಕಣಕ್ಕ," ಅಂದಳು ಇವಳು. ದಪ್ಪಕ್ಕ ಓದಿಕೊಂಡಳು.