ಕಪ್ಪು ಶಾಯಿಯ ಮೂರು ಗುರುತು

೨೦೦೯ರಲ್ಲಿ ನಾನು ಕಾಸರಗೋಡಿನ ಮೊಗ್ರಾಲ್ ಬದಿಯ ಒಂದು ಸಬ್‌ಸೆಂಟರಿನಲ್ಲಿ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್ ಆಗಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ಅದಕ್ಕಿಂತ ಉದ್ದ: ಬಸುರಿಯರ ಪಟ್ಟಿ, ಬಾಣಂತಿಯರ ಭೇಟಿ, ಬುಧವಾರ ಮಕ್ಕಳಿಗೆ ಚುಚ್ಚುಮದ್ದು. ಊರಿನವರಿಗೆ ನಾನು ಬರೇ ‘ಸಿಸ್ಟರ್’.

ನನಗೊಂದು ಹುಚ್ಚು ಇತ್ತು. ರಿಜಿಸ್ಟರಿನಲ್ಲಿ ಒಂದು ಕಾಲಂ ಖಾಲಿ ಉಳಿದರೆ ಊಟ ಸೇರುತ್ತಿರಲಿಲ್ಲ. ಒಂದು ಅಕ್ಷರ ತಿದ್ದಿದ್ದರೂ ಇಡೀ ಪುಟ ಹೊಸದಾಗಿ ಬರೆಯುತ್ತಿದ್ದೆ. ಮಕ್ಕಳ ಚುಚ್ಚುಮದ್ದಿನಲ್ಲಿ ನಾಲ್ಕು ವರ್ಷ ಸತತ ನೂರಕ್ಕೆ ನೂರು. ರಿವ್ಯೂ ಮೀಟಿಂಗಿನಲ್ಲಿ ನನ್ನ ರಿಜಿಸ್ಟರನ್ನು ಎತ್ತಿ ಹಿಡಿದು ‘ನೋಡಿ ಕಲಿಯಿರಿ’ ಎನ್ನುತ್ತಿದ್ದರು. ಪೇಪರಿನಲ್ಲಿ ಫೋಟೋ ಬಂತು. ಊರಿನವರು ಅದಕ್ಕೆ ಫ್ರೇಮು ಹಾಕಿಸಿ ಸೆಂಟರಿನ ಗೋಡೆಗೆ ತೂಗಿದರು. ಬೇಡ ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ. ಸತ್ಯ ಹೇಳುತ್ತೇನೆ, ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತಿದ್ದವಳೂ ನಾನೇ.

ಆದರೆ ನೂರಕ್ಕೆ ನೂರು ಆಗುವುದು ಹೇಗೆ ಮಾರಾಯ್ರೆ? ನಮ್ಮ ಕಡೆ ಹುಡುಗಿಯರು ಹೆರಿಗೆಗೆ ತಾಯಿಮನೆಗೆ ಹೋದರೆ ನಾಲ್ಕೈದು ತಿಂಗಳು ಅಲ್ಲೇ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರನ್ನೂ ತಡೆಯುವ ‘ಟ್ರಿಪಲ್’ ಚುಚ್ಚುಮದ್ದನ್ನು ತಿಂಗಳಿಗೊಂದರಂತೆ ಮೂರು ಸಲ ಕೊಡಬೇಕಾದದ್ದು ಸರಿಯಾಗಿ ಅದೇ ಸಮಯದಲ್ಲಿ. ಮಗು ಅಲ್ಲಿ, ಹೆಸರು ನನ್ನ ರಿಜಿಸ್ಟರಿನಲ್ಲಿ. ನಾನು ಫೋನ್ ಮಾಡುತ್ತಿದ್ದೆ. ‘ಬುಧವಾರ ಹೋಗ್ತೇವೆ ಸಿಸ್ಟರೇ’ ಅಂದರೆ ಸಾಕು, ಬುಧವಾರ ಸಂಜೆ ಗುರುತು ಬೀಳುತ್ತಿತ್ತು. ನನ್ನ ಕೈಯಾರೆ ಕೊಟ್ಟದ್ದಕ್ಕೆ ನೀಲಿ ಶಾಯಿ, ಫೋನಿನ ಮಾತು ನಂಬಿ ಹಾಕಿದ್ದಕ್ಕೆ ಕಪ್ಪು. ಆ ಗುಟ್ಟು ನನಗೊಬ್ಬಳಿಗೇ ಗೊತ್ತು. ಮಗು ಊರಿಗೆ ಬಂದ ಮೇಲೆ ಕಾರ್ಡು ನೋಡಿ ಖಚಿತ ಮಾಡುವುದೆಂದಿತ್ತು. ಮೊದಮೊದಲು ಮಾಡಿದೆ. ಆಮೇಲೆ ಅದೂ ಬಿಟ್ಟುಹೋಯಿತು.

ಆ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ, ಒಂದು ಮಧ್ಯಾಹ್ನ, ಕಾಸರಗೋಡಿನ ಒಂದು ಆಸ್ಪತ್ರೆಯಿಂದ ಮಕ್ಕಳ ಡಾಕ್ಟರರ ಫೋನ್. ನಮ್ಮ ಏರಿಯಾದ ಮಗು, ರಿಫಾ, ಒಂದು ವರ್ಷ ಮೂರು ತಿಂಗಳು. ಜ್ವರ, ಕತ್ತು ಊದಿದೆ, ಗಂಟಲಲ್ಲಿ ಬೂದು ಬಣ್ಣದ ಪೊರೆ. ಚುಚ್ಚುಮದ್ದಿನ ಕಾರ್ಡು ಕಳೆದುಹೋಗಿದೆ.

“ಟ್ರಿಪಲ್ ಆಗಿದೆಯಾ ಸಿಸ್ಟರ್? ಆಗಿದ್ದರೆ ಗಂಟಲಮಾರಿ ಅಲ್ಲ, ನಾನು ಬೇರೆ ಕಾಯಿಲೆ ಹುಡುಕ್ತೇನೆ.”

ನಾನು ಪುಟ ತೆರೆದೆ. “ಮೂರೂ ಆಗಿದೆ ಸರ್,” ಎಂದೆ. ಫೋನ್ ಇಟ್ಟ ಮೇಲೆ ಶಾಯಿ ನೋಡಿದೆ. ಕಪ್ಪು. ಮೂರೂ ಕಪ್ಪು. ಒಂಬತ್ತನೇ ತಿಂಗಳ ದಡಾರದ ಚುಚ್ಚುಮದ್ದು ಮಾತ್ರ ನೀಲಿ. ಅಂದರೆ ಆ ಮಗುವನ್ನು ನಾನು ಕೈಯಾರೆ ಮುಟ್ಟಿದ್ದೆ, ಹಳೆಯದ್ದು ಎಂತ ಆಯಿತು ಅಂತ ಒಂದು ಮಾತು ಕೇಳಿರಲಿಲ್ಲ.

ಮಗುವಿನ ತಾಯಿ ಮೈಮೂನಳಿಗೆ ಫೋನ್ ಮಾಡಿದೆ. ಅವಳು ಅಳುತ್ತಲೇ ಹೇಳಿದಳು: “ಪೆರ್ಲದಲ್ಲಿ, ತಾಯಿಮನೆಯಲ್ಲಿ, ಮಗುವಿಗೆ ಶೀತ ಇತ್ತು ಸಿಸ್ಟರೇ. ಗುಣ ಆದ ಮೇಲೆ ಬನ್ನಿ ಅಂದ್ರು ಅಲ್ಲಿಯ ಸಿಸ್ಟರ್. ಆಮೇಲೆ ಹೋಗ್ಲಿಕ್ಕೆ ಆಗ್ಲಿಲ್ಲ. ನೀವೂ ಕೇಳಲಿಲ್ಲವಲ್ಲ, ಇನ್ನು ಬೇಡ ಅಂತ ಗ್ರಹಿಸಿದೆ.”

ಡಾಕ್ಟರರಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ರಿಜಿಸ್ಟರನ್ನು ಚೀಲಕ್ಕೆ ಹಾಕಿ ಹೈವೇಗೆ ಓಡಿ ಬಸ್ ಹತ್ತಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬಸ್ಸಿನಲ್ಲಿ ಕೂತು ನಾನು ಯೋಚಿಸಿದ್ದು ಮಗುವಿನ ಬಗ್ಗೆ ಮಾತ್ರ ಅಲ್ಲ. ‘ಏನೋ ಸಂಶಯ, ಇನ್ನೊಮ್ಮೆ ನೋಡಿ ಸರ್’ ಅಂತ ಮೆಲ್ಲಗೆ ಹೇಳಿದರೆ ಸಾಕಲ್ಲ? ಫೋಟೋ ಗೋಡೆಯಲ್ಲೇ ಉಳಿಯುತ್ತದೆ, ಮಗುವೂ ಉಳಿಯುತ್ತದೆ. ಥೂ, ನನ್ನ ಜನ್ಮಕ್ಕಿಷ್ಟು.

ವಾರ್ಡಿನ ಹೊರಗೆ ಜನವೋ ಜನ. ಎಂತದೋ ಹೊಸ ಜ್ವರ ಅಂತ ಸುದ್ದಿ ಹಬ್ಬಿ ಕೇಬಲ್ ಚಾನೆಲಿನವನೂ ಮೈಕು ಹಿಡಿದು ಬಂದಿದ್ದ. ಡಾಕ್ಟರು ಹೊರಗೆ ಬಂದರು. “ಸರ್, ಸ್ವಲ್ಪ ಈಚೆ ಬನ್ನಿ,” ಅಂದೆ.

“ಎಂತ ಇದ್ದರೂ ಇಲ್ಲೇ ಹೇಳಿ ಸಿಸ್ಟರ್, ಸಮಯ ಇಲ್ಲ.”

ಎಲ್ಲರೂ ನನ್ನ ಮುಖ ನೋಡಿದರು. ಚೀಲದಿಂದ ರಿಜಿಸ್ಟರ್ ಹೊರಗೆ ತೆಗೆದೆ. “ಆ ಮಗುವಿಗೆ ಟ್ರಿಪಲ್ ಒಂದೂ ಆಗಲಿಲ್ಲ. ನಾನು ಸುಳ್ಳು ಬರೆದದ್ದು.”

ಡಾಕ್ಟರು ಬೈಯಲಿಲ್ಲ, ತಿರುಗಿ ಓಡಿದರು. ಗಂಟಲಮಾರಿಯ ವಿಷ ಹೃದಯಕ್ಕೆ ಏರುವ ಮೊದಲು ಆಂಟಿಟಾಕ್ಸಿನ್ ಎಂಬ ಔಷಧಿ ಕೊಡಬೇಕು. ಅದು ಅಲ್ಲಿರಲಿಲ್ಲ, ಮಂಗಳೂರಿನಿಂದ ಬರಬೇಕು. ಬರುವ ತನಕ ನಾನು ಗೋಡೆಗೆ ಒರಗಿ ನೆಲದಲ್ಲಿ ಕೂತಿದ್ದೆ. ಯಾರೋ ಮೊಬೈಲಿನಲ್ಲಿ ವಿಡಿಯೋ ತೆಗೆದರು. ಯಾರೋ ‘ಇವಳನ್ನು ಹೊರಗೆ ಹಾಕಿ’ ಅಂದರು. ಒಳಗಿನಿಂದ ಮಗುವಿನ ಉಸಿರು ಗರಗರ ಕೇಳುತ್ತಿತ್ತು. ಅದು ನಿಂತರೆ ಕೊಂದವಳು ನಾನು, ಬೇರೆ ಯಾರೂ ಅಲ್ಲ. ರಿಫಾಳ ಅಪ್ಪನ ತಾಯಿ ಬೀಪಾತುಮ್ಮ ನನ್ನೆದುರು ಬಂದು ನಿಂತರು. “ನಾವು ನಿಮ್ಮನ್ನು ನಂಬಿದ್ದೆವಲ್ಲ ಸಿಸ್ಟರೇ,” ಅಂದರು, ಅಷ್ಟೇ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಔಷಧಿ ಬಂತು. ಮಗು ಉಳಿಯಿತು. ಆದರೆ ಅಂಗುಳ ಸೋತು, ಕುಡಿಸಿದ ಹಾಲು ವಾರಗಟ್ಟಲೆ ಮೂಗಿನಿಂದ ಹೊರಗೆ ಬರುತ್ತಿತ್ತಂತೆ. ನನಗೆ ಸಸ್ಪೆನ್ಶನ್ ಆಯಿತು. ಚಾನೆಲಿನವರು ತೋರಿಸಿದ್ದು ಗೋಡೆಯ ಅದೇ ಫೋಟೋ.

ತಿಂಗಳುಗಳ ಮೇಲೆ ಕೆಲಸಕ್ಕೆ ತಿರುಗಿ ತೆಗೆದುಕೊಂಡರು. ಬೇರೆ ಕಡೆ ಹಾಕಿ ಅಂತ ಬೇಡಿಕೊಂಡೆ, ಅದೇ ಸೆಂಟರಿಗೆ ಹಾಕಿದರು. ಗೋಡೆಯಲ್ಲಿ ಫೋಟೋ ಇರಲಿಲ್ಲ, ಮೊಳೆ ಇತ್ತು. ಮೊದಲ ಬುಧವಾರ ಒಬ್ಬ ತಾಯಿಯೂ ಬರಲಿಲ್ಲ. ಎರಡನೆಯ ಬುಧವಾರ ನಾಲ್ಕೈದು ಜನ ಅಂಗಳದಲ್ಲೇ ನಿಂತು, ಒಳಗೆ ಬರುವುದೋ ಬೇಡವೋ ಅಂತ ಪಿಸುಗುಟ್ಟುತ್ತಿದ್ದಾಗ ಬೀಪಾತುಮ್ಮ ರಿಫಾಳನ್ನು ಸೊಂಟದಲ್ಲಿ ಎತ್ತಿಕೊಂಡು ಅವರನ್ನು ದಾಟಿ ನೇರ ಒಳಗೆ ಬಂದರು. ಮಗುವಿಗೆ ಬಾಕಿ ಉಳಿದ ಚುಚ್ಚುಮದ್ದು ಕೊಡಿಸಲಿಕ್ಕೆ.

“ಸುಳ್ಳು ಬರೆದದ್ದು ನೀವೇ,” ಅಂದರು, ಹೊರಗಿನವರಿಗೂ ಕೇಳುವ ಹಾಗೆ. “ಸುಳ್ಳು ಅಂತ ಎಲ್ಲರೆದುರು ಹೇಳಿದ್ದೂ ನೀವೇ. ಕೊಡಿ. ಆದರೆ ನನ್ನ ಕಣ್ಣೆದುರು ಬರೀಬೇಕು.”

ಕೊಟ್ಟೆ. ಹಳೆಯ ಮೂರು ಕಪ್ಪು ಗುರುತುಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನೀಲಿಯಲ್ಲಿ ಒಂದು ಹಾಕಿದೆ. ಗುರುತು ಸೊಟ್ಟ ಹೋಯಿತು, ಪುಟವೆಲ್ಲ ಗಲೀಜಾಯಿತು. ಆಮೇಲೆ ಹಿಂದಿನ ಕಪ್ಪು ಗುರುತುಗಳ ಮನೆಗಳಿಗೆಲ್ಲ ಒಂದೊಂದಾಗಿ ನಡೆದು ಹೋದೆ. ಮತ್ತೆಂದೂ ನನಗೆ ನೂರಕ್ಕೆ ನೂರು ಬರಲಿಲ್ಲ. ಖಾಲಿ ಕಾಲಂ ಅವಮಾನ ಅಲ್ಲ, ಅಲ್ಲೊಂದು ಮಗು ನನಗಾಗಿ ಕಾಯುತ್ತಿದೆ ಎಂದರ್ಥ. ಇಷ್ಟು ತಿಳಿಯಲಿಕ್ಕೆ ನಾನು ಇನ್ನೊಬ್ಬರ ಮಗುವಿನ ಉಸಿರನ್ನು ಪಣಕ್ಕಿಡಬೇಕಾಯಿತು. ಆ ಸೊಟ್ಟ ಪುಟವನ್ನು ಮಾತ್ರ ನಾನು ಹೊಸದಾಗಿ ಬರೆಯಲಿಲ್ಲ.