ನೊಣಗಳ ಸಜ್ಜಿಗೆಯಲ್ಲಿ ಅಪ್ಪನ ಪಾಲು

ಪ್ರಯೋಗಾಲಯದ ನೊಣಗಳನ್ನು ಮನೆಗೆ ತಂದದ್ದು ತಪ್ಪು ಎಂದು ನಾನು ಈಗಲೂ ಒಪ್ಪುವುದಿಲ್ಲ. ನಾಲ್ಕು ದಿನ ರಜೆ, ಅಲ್ಲಿ ಅವಕ್ಕೆ ಹೊಸ ಊಟ ಹಾಕುವವರು ಯಾರೂ ಇರಲಿಲ್ಲ. ನನ್ನ ಸಂಶೋಧನೆಯ ಗೈಡ್ ಒಪ್ಪಿಗೆಯನ್ನೂ ಕೊಟ್ಟಿದ್ದರು. ಹಾಗಾಗಿ ಬಾಯಿಗೆ ಹತ್ತಿ ತುರುಕಿದ ಹನ್ನೆರಡು ಗಾಜಿನ ಕೊಳವೆಗಳು ಊಟದ ಬ್ಯಾಗಿನಲ್ಲಿ ಕುಳಿತು, ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ, ತುರುವನೂರಿನ ಹತ್ತಿರದ ನಮ್ಮ ಮನೆಗೆ ಬಂದವು. ಒಳಗಿದ್ದದ್ದು ಕೊಳೆತ ಬಾಳೆಹಣ್ಣಿಗೆ ಮುತ್ತುವ ಅದೇ ಸಣ್ಣ ನೊಣ.

ಅವುಗಳ ಊಟವೆಂದರೆ ರವೆ, ಬೆಲ್ಲ, ಈಸ್ಟು. ಪಟ್ಟಿ ಕೇಳಿದ ಅವ್ವ, "ಇದು ಸಜ್ಜಿಗೆ ಅಲ್ಲೇನ್ಲೇ?" ಎಂದಳು. ತುಪ್ಪ, ಏಲಕ್ಕಿ ಹಾಕದಂತೆ ಅವಳನ್ನು ಒಪ್ಪಿಸಲು ಹತ್ತು ನಿಮಿಷ ವಾದಿಸಬೇಕಾಯಿತು.

ಅಪ್ಪ ಕುರಿ ಸಾಕಿದವರು. ತಳಿಯ ವಿಷಯದಲ್ಲಿ ತಮ್ಮದೇ ಕೊನೆಯ ಮಾತು ಎಂದುಕೊಂಡವರು. ಬೆಡಗು, ಅಂದರೆ ಕುಲದ ಹೆಸರು, ತಂದೆಯಿಂದ ಬರುವಂತೆ ಮಕ್ಕಳ ಕಸುವೂ ತಂದೆಯಿಂದಲೇ ಬರುವುದು ಎಂದರು. ನನಗೆ ಅಷ್ಟು ಸಾಕಾಗಿತ್ತು. ಜೀವಕೋಶಕ್ಕೆ ಕಸುವು ಕೊಡುವುದು ಮೈಟೊಕಾಂಡ್ರಿಯ, ಅದು ಬರುವುದು ತಾಯಿಯಿಂದ, ಅಪ್ಪಂದಿರ ಪಾಲು ಸೊನ್ನೆ ಎಂದು ಮಂಡಿಸಿದೆ. ಅಪ್ಪ ಸುಮ್ಮನಾದರು. ಎದುರಾಳಿ ಸುಮ್ಮನಾದರೆ ಗೆದ್ದಂತೆ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳು ಕಲಿಸಿದ್ದವು. ಅವ್ವನೂ ಸುಮ್ಮನಾದಳು, ಅದನ್ನು ಚಪ್ಪಾಳೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮೊರದಲ್ಲಿ ರವೆ ಹಸನು ಮಾಡುತ್ತ, ತಲೆ ಎತ್ತದೆ ಅವ್ವ ಕೇಳಿದಳು: "ಹಂಗಾದ್ರೆ ನಿಮ್ಮಕ್ಕನ ಸುಸ್ತು ನನ್ನಿಂದ್ಲೇ ಬಂತು ಅನ್ನು."

ಅಕ್ಕನಿಗಿರುವುದು ಮೈಟೊಕಾಂಡ್ರಿಯದ ಕಾಯಿಲೆ. ನಾಲ್ಕು ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತವೆ. ವಾದ ಗೆಲ್ಲುವ ಉತ್ಸಾಹದಲ್ಲಿ ನಾನು ಅದನ್ನೇ ಮರೆತಿದ್ದೆ.

ನನ್ನ ವಾದವನ್ನು ನಾನೇ ಖಂಡಿಸಬೇಕಾಯಿತು. ಮೈಟೊಕಾಂಡ್ರಿಯ ತಾಯಿಯದು, ನಿಜ. ಆದರೆ ಅದನ್ನು ನೋಡಿಕೊಳ್ಳುವ ಜೀನುಗಳು ಬಹುಪಾಲು ಇಬ್ಬರಿಂದಲೂ ಬರುತ್ತವೆ. ಹಳೆಯ ಸೀರೆ ಹರಿದು ಕೌದಿ ಹೊಲಿಯುವಂತೆ ಜೀವಕೋಶ ಸವೆದ ಮೈಟೊಕಾಂಡ್ರಿಯವನ್ನು ಬಿಚ್ಚಿ, ಚೂರುಗಳನ್ನು ಮತ್ತೆ ಬಳಸುತ್ತದೆ. ಅಕ್ಕನಲ್ಲಿ ಕೆಟ್ಟಿರುವುದು ಆ ಬಿಚ್ಚುವ ಕೆಲಸದ ಜೀನು. ಅವ್ವನಿಂದ ಒಂದು ಕೆಟ್ಟ ಪ್ರತಿ, ಅಪ್ಪನಿಂದ ಇನ್ನೊಂದು. ಎರಡೂ ಸೇರಿದ್ದಕ್ಕೇ ಕಾಯಿಲೆ. ನನ್ನ ನೊಣಗಳಲ್ಲೂ ಕೆಟ್ಟಿರುವುದು ಅದೇ.

ನಿನ್ನೆ ಒಂದು ಹೇಳಿದೆ, ಇವತ್ತು ಇನ್ನೊಂದು ಹೇಳ್ತೀಯ ಎಂದಳು ಅವ್ವ. ಆಕ್ಷೇಪ ನ್ಯಾಯವಾಗಿತ್ತು. ಮೂರು ಕೊಳವೆ ತಂದು ಮೇಜಿನ ಮೇಲೆ ಕುಟ್ಟಿದೆ. ನೊಣಗಳೆಲ್ಲ ತಳಕ್ಕೆ ಬಿದ್ದವು. ಆರೋಗ್ಯದ ನೊಣಗಳು ಸರಸರನೆ ಮೇಲೆ ಹತ್ತಿದವು. ಎರಡೂ ಕಡೆಯಿಂದ ಕೆಟ್ಟ ಪ್ರತಿ ಪಡೆದವು ತಳದಲ್ಲೇ ತಡವರಿಸಿದವು. ಮೂರನೆಯ ಕೊಳವೆಯವಕ್ಕೆ ಕೆಟ್ಟ ಪ್ರತಿ ತಾಯಿಯಿಂದ ಮಾತ್ರ ಬಂದಿತ್ತು. ಅವೂ ಹತ್ತಿದವು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ, ತಳದಲ್ಲಿ ಉಳಿದವನ್ನು ತೋರಿಸಿ, "ಇವು ನಮ್ ಬೆಡಗಿನವು" ಎಂದಳು.

ಅವ್ವ ಮೂರನೆಯ ಕೊಳವೆಯನ್ನು ತಾನೇ ಇನ್ನೆರಡು ಸಲ ಕುಟ್ಟಿ ನೋಡಿದಳು. ಎರಡು ಸಲವೂ ಹತ್ತಿದವು. ಆಮೇಲೆ ಒಲೆ ಹಚ್ಚಿ, ಕುದಿಯುವ ಬೆಲ್ಲದ ನೀರಿಗೆ ರವೆ ಸುರಿದು, ಅಂಗಳದಲ್ಲಿದ್ದ ಅಪ್ಪನನ್ನು ಕರೆದು ಸೌಟು ಕೈಗಿಟ್ಟಳು.

"ಅರ್ಧ ನಿಮ್ದೂ ಐತಂತೆ. ಕೈಯಾಡಿಸ್ರಿ."

ಸಜ್ಜಿಗೆ ಗಂಟುಗಂಟಾಯಿತು. ನೊಣಗಳು ತಕರಾರು ಮಾಡಲಿಲ್ಲ.